ಸಣ್ಣ ಷೇರುಗಳ ಹಳೆಯ ಲೆಕ್ಕ

2025ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಿಂದ ಅಕ್ಕನ ಮಗನ ಫೋನು ಬಂತು. ಭಾವ ಕುಮಟಾದಲ್ಲಿ ಹೈಸ್ಕೂಲು ಮಾಸ್ತರಾಗಿದ್ದವರು, ನಿವೃತ್ತರಾಗಿದ್ದಾರೆ. ಗ್ರಾಚ್ಯುಟಿ, ಪಿ.ಎಫ್. ಎಲ್ಲ ಸೇರಿ 28 ಲಕ್ಷ ಬಂದಿದ್ದು ಎಫ್.ಡಿ.ಯಲ್ಲಿದೆ.

"ಮಾವ, ಅಷ್ಟೂ ದುಡ್ಡು ನಿಮ್ಮ ಬ್ಯಾಂಕಿನವರ ಹತ್ತಿರ ಕೊಳೀತಾ ಇದೆ. ಅರ್ಧ ತೆಗೆದು ಸ್ಮಾಲ್ ಕ್ಯಾಪ್ ಫಂಡಿಗೆ ಹಾಕೋಣ ಅಂತ. ಐದು ವರ್ಷದ ರಿಟರ್ನ್ ನೋಡಿದೀರಾ? ಈಗ ಸ್ವಲ್ಪ ಬಿದ್ದೂ ಇದೆ. ಹಾಕೋದಕ್ಕೆ ಇದೇ ಸಮಯ."

ನೋಡಿದ್ದೇನಪ್ಪಾ ಅಂದೆ. ಆದರೆ ಆ ಐದು ವರ್ಷ ಶುರುವಾಗುವುದು ಎಲ್ಲಿಂದ? 2020ರ ಮಾರ್ಚಿನಿಂದ. ಕೊರೋನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡು ಕೂತ, ಮಾರುಕಟ್ಟೆ ತಳ ಕಂಡ ತಿಂಗಳು ಅದು. ಬಾವಿಯ ತಳದಿಂದ ಅಳೆಯಲು ಹೊರಟರೆ ಯಾವ ಕಟ್ಟೆಯೂ ಎತ್ತರವೇ. ಅವನಿಗೆ ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಆ ಸಂಜೆ ಕಪಾಟಿನಿಂದ ಒಂದು ಹಳೆಯ ಫೈಲು ತೆಗೆದೆ. ಅದರ ವಿಷಯ ಮುಂದೆ ಬರುತ್ತದೆ. ಅದಕ್ಕೂ ಹಿಂದಿನದನ್ನು ಮೊದಲು ಹೇಳಬೇಕು, ಯಾಕೆಂದರೆ ಈ ಊರಿಗೆ ಸಣ್ಣ ಷೇರಿನ ಹುಚ್ಚು ಹತ್ತಿದ್ದು ಮೊನ್ನೆ ಅಲ್ಲ.

ನನ್ನ ಮೊದಲ ಶಾಖೆ ಇದ್ದದ್ದು ಫೋರ್ಟಿನಲ್ಲಿ. ಊಟದ ಬಿಡುವಿನಲ್ಲಿ ಓವಲ್ ಮೈದಾನದ ಕಡೆ ನಡೆದರೆ ಯೂನಿವರ್ಸಿಟಿಯ ರಾಜಾಬಾಯಿ ಗೋಪುರ ಕಾಣುತ್ತದೆ. ಮುಂಬಯಿಗೆ ಬಂದ ನೆಂಟರಿಗೆಲ್ಲ ನಾವು ತೋರಿಸುವ ಗಡಿಯಾರ. ಅದಕ್ಕೆ ಹಣ ಕೊಟ್ಟವನು ಪ್ರೇಮಚಂದ್ ರಾಯಚಂದ್, ಹೆಸರು ಅವನ ತಾಯಿಯದು. ಹತ್ತಿ ಮತ್ತು ಷೇರು ದಲ್ಲಾಳಿಯಾಗಿದ್ದ ಅವನು ದಾನ ಕೊಟ್ಟದ್ದು 1864ರಲ್ಲಿ. ಗೋಪುರ ಮುಗಿದದ್ದು 1878ರಲ್ಲಿ. ನಡುವೆ 1866ರಲ್ಲಿ ಅವನು ದಿವಾಳಿಯಾಗಿದ್ದ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಲಿವರ್‌ಪೂಲಿನ ವ್ಯಾಪಾರಿಗಳು ಮುಂಬಯಿ ಕಡೆ ತಿರುಗಿದರು, ಹತ್ತಿಯ ಬೆಲೆ ಗಗನಕ್ಕೇರಿತು. ಇದರಲ್ಲಿ ನಮ್ಮವರ ಪಾಲೂ ಇದೆ. ಆ ಕಾಲದ ಹತ್ತಿಪೇಟೆಯಲ್ಲಿ 'ಧಾರವಾಡ' ಎಂಬುದು ಒಂದು ಜಾತಿಯ ಹತ್ತಿಯ ಹೆಸರು, 'ಕುಮಟಾ' ಇನ್ನೊಂದು. ನಮ್ಮ ಕುಮಟಾದಲ್ಲಿ ಹತ್ತಿ ಗಿಡ ಹುಡುಕಿದರೂ ಸಿಗದು. ಧಾರವಾಡ ಸೀಮೆಯ ನಾಟಿ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ನಮ್ಮ ಬಂದರಿನಲ್ಲಿ ಹಡಗು ಹತ್ತುತ್ತಿತ್ತು, ಹಾಗಾಗಿ ಬಂದರಿನ ಹೆಸರೇ ಹತ್ತಿಗೆ ಅಂಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರು ಮಾಡುವ ಲೆಕ್ಕ ಇತ್ತು. ನಮ್ಮ ಹಿರಿಯರು ಕೋರ್ಟು ಕಚೇರಿಗೆ ಮದ್ರಾಸಿನ ಬದಲು ಮುಂಬಯಿಗೆ ಬರುವಂತಾದದ್ದು ಹಾಗೆ. ನಾವಿಲ್ಲಿ ಇರುವುದಕ್ಕೂ ಅದೇ ಮೂಲ ಇರಬಹುದು!

ಹತ್ತಿಯಿಂದ ಬಂದ ಹಣ ಎಲ್ಲಾದರೂ ಹೋಗಬೇಕಲ್ಲ. ಹೊಸ ಕಂಪೆನಿಗಳಿಗೆ ಹೋಯಿತು. 1865ರ ಜನವರಿಯ ಹೊತ್ತಿಗೆ ಮುಂಬಯಿಯಲ್ಲಿ 31 ಬ್ಯಾಂಕುಗಳು, 16 ಫೈನಾನ್ಶಿಯಲ್ ಅಸೋಸಿಯೇಷನ್‌ಗಳು, 8 ಜಮೀನು ಕಂಪೆನಿಗಳು ಇದ್ದವು. ಫೈನಾನ್ಶಿಯಲ್ ಅಸೋಸಿಯೇಷನ್ ಎಂದರೆ ದೊಡ್ಡದೇನಲ್ಲ, ಷೇರು ಅಡವಿಟ್ಟುಕೊಂಡು ಸಾಲ ಕೊಡುವುದು, ಆ ಸಾಲದಲ್ಲಿ ಮತ್ತೆ ಷೇರು. ಇವುಗಳ ನಡುವೆ ರಾಣಿ ಎಂದರೆ ಬ್ಯಾಕ್ ಬೇ ರೆಕ್ಲಮೇಷನ್ ಕಂಪೆನಿ, ಮಲಬಾರ್ ಹಿಲ್‌ನಿಂದ ಕೊಲಾಬಾದವರೆಗೆ ಸಮುದ್ರ ತುಂಬಿ ನೆಲ ಮಾಡುತ್ತೇವೆ ಎಂದು ಹೊರಟದ್ದು. 5,000 ರೂಪಾಯಿ ಕಟ್ಟಿದ ಅದರ ಷೇರು 50,000 ಮುಟ್ಟಿತು. ಗಮನಿಸಿ, ಆಗ ಇವಕ್ಕೆಲ್ಲ ವಯಸ್ಸು ಒಂದೆರಡು ವರ್ಷ. ಲಾಭದ ಚರಿತ್ರೆ ಇಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಎಲ್ಲವೂ ಸ್ಮಾಲ್ ಕ್ಯಾಪೇ, ಬೆಲೆ ಮಾತ್ರ ಲಾರ್ಜ್ ಕ್ಯಾಪಿನದು.

1865ರ ಏಪ್ರಿಲಿನಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಜನ ಷೇರು ಕೊಂಡದ್ದು ಹೆಚ್ಚಾಗಿ ವಾಯಿದೆ ವ್ಯಾಪಾರದಲ್ಲಿ. ಇವತ್ತು ಮಾತು, ಮುಂದೆ ಒಂದು ತಾರೀಕಿಗೆ ಹಣ. ಆ ತಾರೀಕು 1865ರ ಜುಲೈ 1. ಅಂದು ಕೊಡಬೇಕಾದವನ ಹತ್ತಿರ ಹಣವಿಲ್ಲ, ಯಾಕೆಂದರೆ ಅವನಿಗೆ ಕೊಡಬೇಕಾದವನ ಹತ್ತಿರವೂ ಇಲ್ಲ. ಮಾರಲು ಎಲ್ಲರೂ ನಿಂತಿದ್ದರು, ಕೊಳ್ಳಲು ಯಾರೂ ಇರಲಿಲ್ಲ.

ಬ್ಯಾಂಕಿನವನಾಗಿ ನನಗೆ ಹೆಚ್ಚು ಚುಚ್ಚುವುದು ಬ್ಯಾಂಕ್ ಆಫ್ ಬಾಂಬೆಯ ಕಥೆ. 1840ರಿಂದ ನಡೆದ, ಸರ್ಕಾರದ್ದೂ ಪಾಲಿದ್ದ ಗಟ್ಟಿ ಬ್ಯಾಂಕು. 1863ರ ಕಾಯ್ದೆಯಲ್ಲಿ ಅದರ ಹಳೆಯ ಕಟ್ಟುಪಾಡುಗಳನ್ನು ಸಡಿಲಿಸಿ, ಕಂಪೆನಿ ಷೇರುಗಳ ಮೇಲೆ ಸಾಲ ಕೊಡಲು ಬಿಟ್ಟರು. ಅಡವು ಬಂದದ್ದೆಲ್ಲ ಈ ಹೊಸ ಕಂಪೆನಿಗಳ ಕಾಗದ. ಅದರ ಸ್ವಂತ ಷೇರೇ 2,850 ರೂಪಾಯಿ ಮುಟ್ಟಿದ್ದು ಕೊನೆಗೆ 87ಕ್ಕೆ ಮಾರಾಟವಾಯಿತು. 1868ರಲ್ಲಿ ಬ್ಯಾಂಕು ಮುಚ್ಚಿ ವಿಚಾರಣಾ ಆಯೋಗ ಕೂತಿತು. ಅಡವಿನ ಮೌಲ್ಯ ಎಂದು ನಾವು ರಿಜಿಸ್ಟರಿನಲ್ಲಿ ಬರೆಯುವ ಅಂಕಿ, ಕೊಳ್ಳುವವನು ಇದ್ದರೆ ಮಾತ್ರ ಮೌಲ್ಯ. ಟ್ರೇನಿಂಗ್ ಕಾಲೇಜಿನಲ್ಲಿ ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ.

ಬ್ಯಾಕ್ ಬೇ ಕಂಪೆನಿಯ ಕಲ್ಪನೆ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನೀವು ಮರೈನ್ ಡ್ರೈವಿನಲ್ಲಿ ಕೂತು ಕಡಲೆ ತಿಂದಿದ್ದರೆ, ನರಿಮನ್ ಪಾಯಿಂಟಿನ ಆಫೀಸಿನಲ್ಲಿ ಕೆಲಸ ಮಾಡಿದ್ದರೆ, ನೀವು ಇದ್ದದ್ದು ಆ ಸಮುದ್ರದ ಮೇಲೆಯೇ. ತುಂಬಿದ್ದು 1920ರ ದಶಕದ ನಂತರ ಒಂದಿಷ್ಟು, ಸ್ವಾತಂತ್ರ್ಯ ಬಂದಮೇಲೆ ಇನ್ನೊಂದಿಷ್ಟು. ಜಗತ್ತಿನಲ್ಲೇ ದುಬಾರಿಯಾದ ಜಾಗಗಳಲ್ಲಿ ಒಂದಾಯಿತು. 1865ರಲ್ಲಿ 50,000 ಕೊಟ್ಟವನಿಗೆ ಅದರಿಂದ ಏನೂ ಬರಲಿಲ್ಲ. "ಈ ಉದ್ಯಮಕ್ಕೆ ಭವಿಷ್ಯ ಇದೆ ಮಾವ" ಎಂದು ಅಳಿಯ ಹೇಳಿದಾಗೆಲ್ಲ ನನಗೆ ಈ ನೆಲ ನೆನಪಾಗುತ್ತದೆ.

ಇನ್ನು ನನ್ನ ಕಾಲಕ್ಕೆ ಬರುತ್ತೇನೆ.

1992ರವರೆಗೆ ಯಾವ ಕಂಪೆನಿ ಎಷ್ಟು ಬೆಲೆಗೆ ಷೇರು ಬಿಡಬೇಕೆಂದು ದಿಲ್ಲಿಯ ಕಂಟ್ರೋಲರ್ ಹೇಳುತ್ತಿದ್ದ. ಆ ವರ್ಷ 1947ರ ಆ ಕಾಯ್ದೆ ಹೋಯಿತು, ಸೆಬಿಗೆ ಶಾಸನದ ಬಲ ಬಂತು, ಬೆಲೆಯನ್ನು ಕಂಪೆನಿಯವರೇ ಇಟ್ಟುಕೊಳ್ಳಬಹುದು ಎಂದಾಯಿತು. ಅದೇ ವರ್ಷ ಏಪ್ರಿಲಿನಲ್ಲಿ ಹರ್ಷದ್ ಮೆಹ್ತಾ ಹಗರಣ ಹೊರಬಿತ್ತು. ಜನ ಒಂದು ವರ್ಷ ಸುಮ್ಮನಿದ್ದರು, ಅಷ್ಟೇ. 1994-95 ಮತ್ತು 1995-96, ಈ ಎರಡು ವರ್ಷಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಪಬ್ಲಿಕ್ ಇಶ್ಯೂಗಳು ಬಂದವು. ಭಾನುವಾರ, ಹಬ್ಬ ಕಳೆದರೆ ದಿನಕ್ಕೆ ನಾಲ್ಕೈದು!

ಆ ದಿನಗಳನ್ನು ಕೌಂಟರಿನ ಒಳಗಡೆಯಿಂದ ನೋಡಿದವನು ನಾನು. ನಮ್ಮ ಶಾಖೆ ಇಶ್ಯೂಗಳ ಕಲೆಕ್ಷನ್ ಸೆಂಟರ್. ದಲಾಲ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಅರ್ಜಿ ಫಾರ್ಮುಗಳು ಮಾವಿನಹಣ್ಣಿನ ಹಾಗೆ ರಾಶಿ ಬಿದ್ದಿರುತ್ತಿದ್ದವು. ಸಂಜೆ ಫಾರ್ಮುಗಳ ಕಟ್ಟು ಎಣಿಸಿ, ಚೆಕ್ಕು, ಸ್ಟಾಕ್‌ಇನ್ವೆಸ್ಟ್ ಬೇರೆ ಬೇರೆ ಮಾಡಿ, ಶೆಡ್ಯೂಲು ಬರೆದು ಹೊರಡುವಾಗ ಕೊನೆಯ ಡೊಂಬಿವಿಲಿ ಫಾಸ್ಟು ತಪ್ಪಿಹೋಗಿರುತ್ತಿತ್ತು. (ಸ್ಟಾಕ್‌ಇನ್ವೆಸ್ಟ್ ಗೊತ್ತಿಲ್ಲದವರಿಗೆ: ಷೇರು ಮಂಜೂರಾಗುವವರೆಗೆ ಹಣ ನಿಮ್ಮ ಖಾತೆಯಲ್ಲೇ ಇರುವ ಒಂದು ಚೀಟಿ. ಈಗಿನ ಆಸ್ಬಾದ ಅಜ್ಜ ಎನ್ನಿ.)

ಕಂಪೆನಿಗಳು ಯಾವುವು? ಲೀಸಿಂಗ್, ಗ್ರಾನೈಟ್, ಹೂವಿನ ಕೃಷಿ, ಸಿಗಡಿ ಸಾಕಣೆ. ನಾನು ಸಿಕ್ಕಿಬಿದ್ದದ್ದು ಸಿಗಡಿಯಲ್ಲಿ. ನಮ್ಮ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಉಳಿದ ಕಾಲಕ್ಕೆ ಶೆಟ್ಲಿ. ಚಿಕ್ಕಂದಿನಿಂದ ನೋಡಿದ್ದು. ಪೂರ್ವ ಕರಾವಳಿಯಲ್ಲಿ ಕೊಳ ತೋಡಿ, ಶೆಟ್ಲಿ ಬೆಳೆಸಿ, ಜಪಾನಿಗೆ ಕಳಿಸುತ್ತೇವೆ ಎಂದು ಒಂದು ಕಂಪೆನಿ 1995ರ ಆರಂಭದಲ್ಲಿ ಇಶ್ಯೂ ತಂದಾಗ, ಇದು ನನಗೆ ಗೊತ್ತಿರುವ ಧಂಧೆ ಎನ್ನಿಸಿತು. ಕಡಿಮೆಯೆಂದರೆ 500 ಷೇರು, ಹತ್ತು ರೂಪಾಯಿಯಂತೆ 5,000. ಹಾಕಿದೆ. ಆಗ ನನಗೆ ಅದು ಒಂದು ತಿಂಗಳ ಸಂಬಳದ ಮೇಲಿನ ಮಾತು.

ನಾನೊಬ್ಬನೇ ಹಾಕಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಶಾಖೆಯ ಎದುರು ಒಂದು ಉಡುಪಿ ಹೋಟೆಲು. ಅಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದವರು ಕುಂದಾಪುರ ಕಡೆಯ ಹಿರಿಯರು, ಮಾಲೀಕರಲ್ಲ, ಸಂಬಳದವರು. ದಿನಾ ಮಧ್ಯಾಹ್ನ ಊಟಕ್ಕೆ ಹೋದಾಗ ಕನ್ನಡದಲ್ಲಿ ಎರಡು ಮಾತು. ಒಂದು ದಿನ ಕೇಳಿದರು, "ಈ ಫಾರ್ಮಿನ ಗಲಾಟೆ ಎಂತದು ಮಾರಾಯ್ರೆ? ನೀವು ಹಾಕಿದ್ದೀರಾ?" ಹಾಕಿದ್ದೇನೆ ಎಂದೆ. "ಮತ್ತೆ ನನಗೂ ಒಂದು ತುಂಬಿಸಿ ಕೊಡಿ." ಅಷ್ಟೇ. ಪ್ರಾಸ್ಪೆಕ್ಟಸ್ ಓದಿದವನು ನಾನೂ ಅಲ್ಲ, ಅವರೂ ಅಲ್ಲ. ಅವರು ನಂಬಿದ್ದು ಕಂಪೆನಿಯನ್ನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕೂತ ಊರ ಕಡೆಯ ಹುಡುಗನನ್ನು.

ಷೇರು ಪಟ್ಟಿಗೆ ಬಂದ ವಾರ ಹದಿನಾಲ್ಕು ರೂಪಾಯಿ ಇತ್ತು. ಮಾರಲಿಲ್ಲ. ಅದೇ ಹೊತ್ತಿಗೆ ಪೂರ್ವ ಕರಾವಳಿಯ ಸಿಗಡಿ ಕೊಳಗಳಿಗೆ ಬಿಳಿಚುಕ್ಕೆ ರೋಗ ಬಿದ್ದಿತ್ತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗೆ ಇಂಥ ಸಿಗಡಿ ಉದ್ಯಮ ಕೂಡದು ಎಂದಿತು. ಹತ್ತಿದ್ದು ನಾಲ್ಕಾಯಿತು, ಎರಡಾಯಿತು. ಆಮೇಲೆ ಪೇಪರಿನ ಷೇರು ಪುಟದಲ್ಲಿ ಹೆಸರೇ ಕಾಣಲಿಲ್ಲ. ಬೆಲೆ ಸೊನ್ನೆ ಎಂದಲ್ಲ, ವ್ಯಾಪಾರವೇ ಇಲ್ಲ. ಸೊನ್ನೆ ಎಂದಾದರೂ ಬರೆದಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬಹುದಿತ್ತು.

1998ರಲ್ಲಿ ಹಿರಿಯರಿಗೆ ಒಂದು ರೂಮಿನ ಡಿಪಾಸಿಟ್ಟಿಗೆ ಹಣ ಬೇಕಾಯಿತು. "ಅದನ್ನು ಕೊಟ್ಟುಬಿಡುವ ಮಾರಾಯ್ರೆ, ಬಂದಷ್ಟು ಬರಲಿ" ಎಂದರು. ಪರಿಚಯದ ಸಬ್ ಬ್ರೋಕರ್ ಹತ್ತಿರ ಹೋದೆ. ಅವನು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ. ರೂಪಾಯಿಗೊಂದರಂತೆ ಆದರೂ ತೆಗೆದುಕೋ ಅಂದರೆ, "ತೆಗೆದುಕೊಂಡು ಯಾರಿಗೆ ಕೊಡಲಿ ಸಾಹೇಬ್?" ಎಂದ. 1865ರ ಜುಲೈಯಲ್ಲೂ ಇದನ್ನೇ ಯಾರೋ ಹೇಳಿರಬೇಕು. ಕೊನೆಗೆ ನಾನೇ 5,000 ಕೊಟ್ಟು ಆ ಷೇರು ತೆಗೆದುಕೊಂಡೆ. ಅವರಿಗೆ ಹಾಗೆಂದು ಹೇಳಲಿಲ್ಲ, ಮಾರಾಟವಾಯಿತು ಎಂದೆ. ಅವರು ನಂಬಿದರೋ ಇಲ್ಲವೋ, ಮಾರನೆಯ ದಿನ ಊಟದ ಬಿಲ್ಲು ತೆಗೆದುಕೊಳ್ಳಲಿಲ್ಲ. ಟ್ರಾನ್ಸ್‌ಫರ್ ಡೀಡಿನ ಜೊತೆ ಕಂಪೆನಿಗೆ ಕಳಿಸಿದ ರಿಜಿಸ್ಟರ್ಡ್ ಲಕೋಟೆ, ವಿಳಾಸದಲ್ಲಿ ಯಾರೂ ಇಲ್ಲ ಎಂಬ ಷರಾ ಹೊತ್ತು ವಾಪಸು ಬಂತು.

ಇಂಥದ್ದು ನಮಗಿಬ್ಬರಿಗೇ ಆದದ್ದಲ್ಲ. 1996ರ ಏಪ್ರಿಲಿನಲ್ಲಿ ಸೆಬಿ ನಿಯಮ ಬಿಗಿ ಮಾಡಿತು: ಹಿಂದಿನ ಐದರಲ್ಲಿ ಮೂರು ವರ್ಷವಾದರೂ ಡಿವಿಡೆಂಡ್ ಕೊಟ್ಟಿರಬೇಕು ಎಂದು. 1997-98ರಲ್ಲಿ ಪಬ್ಲಿಕ್ ಇಶ್ಯೂಗಳ ಸಂಖ್ಯೆ ನೂರರ ಒಳಗೆ ಬಂತು. ಹಣ ಎತ್ತಿ ಕಣ್ಮರೆಯಾದ ಕಂಪೆನಿಗಳನ್ನು ಹುಡುಕಲು ಸರ್ಕಾರವೂ ಸೆಬಿಯೂ ಸೇರಿ ಸಮಿತಿ ಮಾಡಿದವು, 'ವ್ಯಾನಿಶಿಂಗ್ ಕಂಪೆನಿ' ಎಂಬ ಪದವೇ ಹುಟ್ಟಿತು. ಪಟ್ಟಿಗೆ ಸೇರಿದವು ಇನ್ನೂರ ಮೂವತ್ತಕ್ಕೂ ಹೆಚ್ಚು. ಆ ಪಟ್ಟಿಗೆ ಬೀಳಬೇಕಾದರೆ ಆಫೀಸೂ ಇರಬಾರದು, ಡೈರೆಕ್ಟರೂ ಸಿಗಬಾರದು, ಲೆಕ್ಕಪತ್ರವೂ ಸಲ್ಲಿಸಿರಬಾರದು. ಒಂದು ಬೋರ್ಡು ನೇತುಹಾಕಿಕೊಂಡು ಏನೂ ಮಾಡದೆ ಕೂತವು ಇದರಲ್ಲಿ ಸೇರುವುದಿಲ್ಲ. ಅಂಥವು ಎಷ್ಟೋ ಪಾಲು ಹೆಚ್ಚು.

ಸಣ್ಣ ಕಂಪೆನಿಗೆ ಕೊಳ್ಳುವವರು ಸಿಗುವುದಿಲ್ಲ ಎಂಬುದು ಮೊದಲೇ ಯಾರಿಗೂ ಹೊಳೆದಿರಲಿಲ್ಲ ಎಂದಲ್ಲ. ಅದಕ್ಕೆಂದೇ ಇಲ್ಲಿ ಒಂದು ಬೇರೆ ವಿನಿಮಯ ಕೇಂದ್ರ ಕಟ್ಟಿದ್ದರು, ಓ.ಟಿ.ಸಿ.ಇ.ಐ. ಅಂತ. 1990ರಲ್ಲಿ ಸ್ಥಾಪನೆ, 1992ರಲ್ಲಿ ವ್ಯಾಪಾರ ಶುರು. ಗದ್ದಲದ ರಿಂಗ್ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ. ಪ್ರತಿ ಕಂಪೆನಿಗೂ ಒಬ್ಬ ಮಾರ್ಕೆಟ್ ಮೇಕರ್ ಇದ್ದು, ಕೊಳ್ಳುವ ಬೆಲೆ, ಮಾರುವ ಬೆಲೆ ಎರಡನ್ನೂ ಹೇಳಲೇಬೇಕು. ಓದಿದಾಗ ಎಷ್ಟು ಚೆಂದ ಎನ್ನಿಸಿತ್ತು. ಆದರೆ ಬೆಲೆ ಹೇಳುವುದು ಬೇರೆ, ಜನ ಬರುವುದು ಬೇರೆ. ವರ್ಷಗಟ್ಟಲೆ ಬಡವಾಗುತ್ತ 2015ರಲ್ಲಿ ಆ ಕೇಂದ್ರದ ಮಾನ್ಯತೆಯೇ ಹೋಯಿತು. ನಮ್ಮ ಮಂಗಳೂರು, ಬೆಂಗಳೂರಿನ ಷೇರು ವಿನಿಮಯ ಕೇಂದ್ರಗಳೂ ಈಗಿಲ್ಲ.

"ಹಾಗಾದರೆ ಇನ್ಫೋಸಿಸ್?" ಇದನ್ನು ಕೇಳದ ಕನ್ನಡಿಗ ಇಲ್ಲ. 1993ರಲ್ಲಿ ಅದೂ ಸಣ್ಣ ಕಂಪೆನಿಯೇ. 95 ರೂಪಾಯಿಯ ಇಶ್ಯೂ ಪೂರ್ತಿ ಭರ್ತಿಯಾಗದೆ, ಉಳಿದದ್ದನ್ನು ಮಾರ್ಗನ್ ಸ್ಟ್ಯಾನ್ಲಿ ತೆಗೆದುಕೊಂಡಿತು. ಆಗ 9,500 ಕೊಟ್ಟು 100 ಷೇರು ಪಡೆದು ಮುಟ್ಟದೆ ಇಟ್ಟವನ ಬಳಿ 2018ರ ಬೋನಸ್ಸಿನ ನಂತರ 1,02,400 ಷೇರು. ಲೆಕ್ಕ ಸರಿಯಾಗಿದೆ, ನಾನೇ ಕೂಡಿಸಿ ನೋಡಿದ್ದೇನೆ. ಆದರೆ 2000ದ ಮಾರ್ಚಿನಿಂದ 2001ರ ಏಪ್ರಿಲಿನ ನಡುವೆ ಈ ಷೇರೇ ಅರ್ಧಕ್ಕಿಂತ ಹೆಚ್ಚು ಬಿದ್ದಿತ್ತು. ಇನ್ಫೋಸಿಸ್ ಫಾರ್ಮು ತುಂಬಿದ ಕೌಂಟರಿನಲ್ಲೇ ಸಿಗಡಿ, ಗ್ರಾನೈಟ್ ಫಾರ್ಮುಗಳನ್ನೂ ಜನ ತುಂಬಿದ್ದರು. ಯಾವುದು ಯಾವುದಾಗುತ್ತದೆ ಎಂದು ಫಾರ್ಮಿನ ಮೇಲೆ ಬರೆದಿರಲಿಲ್ಲ.

ಬ್ಯಾಂಕಿನವನ ಚಟ, ಒಂದು ಲೆಕ್ಕ ಹಾಕಿಬಿಡುತ್ತೇನೆ. ಹತ್ತು ಸಣ್ಣ ಕಂಪೆನಿಗಳಲ್ಲಿ ಹತ್ತತ್ತು ಸಾವಿರ, ಒಟ್ಟು ಒಂದು ಲಕ್ಷ ಹಾಕಿದಿರಿ ಎನ್ನಿ. ಆರು ಮುಳುಗಿದವು, ಮೂರು ಇದ್ದಲ್ಲೇ ಇವೆ, ಒಂದು ಇಪ್ಪತ್ತು ಪಟ್ಟಾಯಿತು. ಇಪ್ಪತ್ತು ಪಟ್ಟು! ಮದುವೆ ಮನೆಯಲ್ಲಿ ನೀವು ಹೇಳುವುದು ಆ ಒಂದನ್ನೇ. ಕೈಯಲ್ಲಿರುವುದು 2.3 ಲಕ್ಷ. ಇದಕ್ಕೆ ಇಪ್ಪತ್ತು ವರ್ಷ ಹಿಡಿದಿದ್ದರೆ ವರ್ಷಕ್ಕೆ ಸುಮಾರು ನಾಲ್ಕೂಕಾಲು ಪರ್ಸೆಂಟು. ಆ ಒಂದು ನಲವತ್ತು ಪಟ್ಟಾಗಿದ್ದರೂ ಏಳೂವರೆಯ ಆಸುಪಾಸು. ಆ ಒಂದನ್ನು ಐದು ಪಟ್ಟಾದಾಗಲೇ ಮಾರಿಬಿಟ್ಟಿದ್ದರೆ (ನಾವೆಲ್ಲ ಮಾಡುವುದು ಅದನ್ನೇ) ಅಸಲೂ ಇಲ್ಲ.

"ಅದಕ್ಕೇ ಫಂಡು ಇರೋದು ಮಾವ, ಅವರು ಐವತ್ತು ಅರವತ್ತು ಕಂಪೆನಿ ಇಟ್ಟಿರ್ತಾರೆ" ಎಂದ ಅಳಿಯ. ನಿಜ. ಒಂದು ಕಂಪೆನಿ ಓಡಿಹೋದರೆ ಫಂಡು ಓಡಿಹೋಗುವುದಿಲ್ಲ. ನಮ್ಮ ಕಾಲಕ್ಕಿಂತ ಇವನ ಕಾಲ ಸಾವಿರ ಪಾಲು ವಾಸಿ. 2017ರ ಅಕ್ಟೋಬರಿನಲ್ಲಿ ಸೆಬಿ ಗೆರೆಯನ್ನೂ ಹಾಕಿಕೊಟ್ಟಿತು: ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ನೂರು ಲಾರ್ಜ್, 101ರಿಂದ 250 ಮಿಡ್, 251ರಿಂದ ಕೆಳಗೆಲ್ಲ ಸ್ಮಾಲ್. ಆದರೆ ಎಲ್ಲ ಸಣ್ಣವೂ ಒಟ್ಟಿಗೇ ಬೀಳುವ ದಿನ ಇರುತ್ತದೆ. 2008ರ ಜನವರಿಯಲ್ಲಿ ಬಿ.ಎಸ್.ಇ. ಸ್ಮಾಲ್ ಕ್ಯಾಪ್ ಸೂಚ್ಯಂಕ 14,000ದ ಮೇಲಿತ್ತು. 2009ರ ಮಾರ್ಚಿಗೆ 3,000ಕ್ಕಿಂತ ಕೆಳಗೆ, ಎಂದರೆ ನೂರಕ್ಕೆ ಇಪ್ಪತ್ತು ಉಳಿದಿತ್ತು. ಸೆನ್ಸೆಕ್ಸ್ ಅದೇ ಅವಧಿಯಲ್ಲಿ ನೂರಕ್ಕೆ ಅರವತ್ತರಷ್ಟು ಬಿದ್ದು, 2010ರ ದೀಪಾವಳಿಗೆ ಹಳೆಯ ಎತ್ತರದ ಹತ್ತಿರ ಮತ್ತೆ ಬಂದಿತ್ತು. ಸ್ಮಾಲ್ ಕ್ಯಾಪಿಗೆ ಆ ಎತ್ತರ ಮತ್ತೆ ಸಿಕ್ಕಿದ್ದು 2017ರಲ್ಲಿ. ಒಂಬತ್ತು ವರ್ಷ! ಮರುವರ್ಷವೇ, 2018ರಲ್ಲಿ, ಮತ್ತೆ ಇಳಿತ ಶುರು. 2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000 ಮುಟ್ಟಿ ಹಬ್ಬ ಮಾಡುತ್ತಿದ್ದಾಗಲೂ ಸ್ಮಾಲ್ ಕ್ಯಾಪ್ 2018ರ ಮಟ್ಟಕ್ಕೆ ಬಂದಿರಲಿಲ್ಲ. ಕೊರೋನಾ ಬಂದದ್ದು ಅದರ ಮೇಲೆ.

ಮೂವತ್ತೆರಡು ವರ್ಷದವನಿಗೆ ಒಂಬತ್ತು ವರ್ಷ ಕಾಯುವುದು ಕಷ್ಟವಲ್ಲ, ತಿಂಗಳು ತಿಂಗಳು ಹಾಕುತ್ತಿದ್ದರೆ ಕೆಳಗಿನ ಬೆಲೆಗೆ ಹೆಚ್ಚೆಚ್ಚು ಸಿಕ್ಕಿ ಅವನಿಗೆ ಲಾಭವೇ ಆದೀತು. ನನ್ನ ಹತ್ತಿರವೂ ಮಿಡ್ ಕ್ಯಾಪ್ ಫಂಡು ಇದೆ, ಸುಳ್ಳು ಯಾಕೆ. ಭಾವನಿಗೆ ಅರವತ್ತನಾಲ್ಕು. ಮೊಣಕಾಲಿನ ಆಪರೇಷನ್ ಒಂಬತ್ತು ವರ್ಷ ಕಾಯುತ್ತದೆಯೇ?

ಇನ್ನೊಂದು ಕಾಗದ ಅವನಿಗೆ ಹುಡುಕಲು ಹೇಳಿದೆ. 2024ರ ಮಾರ್ಚಿನಿಂದ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡಿನವರು ಪ್ರತಿ ತಿಂಗಳು 'ಸ್ಟ್ರೆಸ್ ಟೆಸ್ಟ್' ಎಂಬುದನ್ನು ಪ್ರಕಟಿಸಬೇಕು. ತಮ್ಮ ಹತ್ತಿರ ಇರುವ ಷೇರುಗಳಲ್ಲಿ ಅರ್ಧ ಮಾರಬೇಕಾಗಿ ಬಂದರೆ ಎಷ್ಟು ದಿನ ಬೇಕು, ಕಾಲು ಭಾಗಕ್ಕೆ ಎಷ್ಟು ದಿನ ಎಂದು. ಮೊದಲ ಸಲ ಅಂಕಿ ಬಂದಾಗ ಕೆಲವಕ್ಕೆ ಒಂದೆರಡು ದಿನ, ಕೆಲವು ದೊಡ್ಡ ಸ್ಮಾಲ್ ಕ್ಯಾಪ್ ಫಂಡುಗಳಿಗೆ ತಿಂಗಳಿಗೂ ಹೆಚ್ಚು. ಅದೂ ಕೊಳ್ಳುವವರು ಮಾರುಕಟ್ಟೆಗೆ ಬರುತ್ತಿದ್ದಾರೆ ಎಂಬ ಅಂದಾಜಿನಲ್ಲಿ. ರಿಟರ್ನಿನ ಪಟ್ಟಿಯನ್ನು ಎಲ್ಲರೂ ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಇದನ್ನು ಒಬ್ಬರೂ ಕಳಿಸಿದ್ದು ನಾನು ಕಂಡಿಲ್ಲ.

ಹುಡುಗ ಓದಿದ. ಎರಡು ದಿನ ಬಿಟ್ಟು ಫೋನು ಮಾಡಿದವರು ಭಾವ. "ಇಂವಂಗೆ ಆ ಶೆಟ್ಲಿ ಕಂಪೆನಿ ಕಥೆ ಹೇಳಿದ್ಯನೋ? ಒಂದೇ ಸಮ ನಗ್ತಾ ಇದ್ದಾನೆ." ಅವರ 28 ಲಕ್ಷ ಇದ್ದಲ್ಲೇ ಇದೆ. ಅವನು ತನ್ನ ಸಂಬಳದಿಂದ ತಿಂಗಳಿಗೆ ಐದು ಸಾವಿರ ಸ್ಮಾಲ್ ಕ್ಯಾಪಿಗೆ ಹಾಕಲು ಶುರು ಮಾಡಿದ್ದಾನೆ. ಸಿಟ್ಟಿನಿಂದ ಮಾಡಿದ್ದೋ ತಿಳಿದು ಮಾಡಿದ್ದೋ, ಕೇಳಲು ಹೋಗಲಿಲ್ಲ.

ಫೈಲನ್ನು ಮತ್ತೆ ಕಪಾಟಿನಲ್ಲಿಟ್ಟೆ. 2019ರ ಏಪ್ರಿಲಿನಿಂದ ಕಾಗದದ ಷೇರುಗಳ ವರ್ಗಾವಣೆಯೇ ನಿಂತಿದೆ, ಹಾಗಾಗಿ ಇನ್ನು ಬಿಟ್ಟಿಯಾಗಿ ಕೊಟ್ಟರೂ ಯಾರ ಹೆಸರಿಗೂ ಆಗುವುದಿಲ್ಲ. ಎರಡು ಸರ್ಟಿಫಿಕೇಟು, ಐನೂರು ಐನೂರು ಷೇರು. ಒಂದರ ಮೇಲೆ ನನ್ನ ಹೆಸರಿದೆ, ಇನ್ನೊಂದರ ಮೇಲೆ ಅವರದು.